ಯಾರೂ ಒತ್ತದ ಬಟನ್

ನಮ್ಮ ಅಣ್ಣ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುತ್ತಾನೆ. ಹಬ್ಬಕ್ಕೆ ಅಂತ ಗುಳೇದಗುಡ್ಡಕ್ಕೆ ಬಂದರೆ ಮೊದಲ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಮಕ್ಕಳು ತಾಟು ಬಡಿದರೆ ಸಿಡುಕು. ಟಿವಿ ಧ್ವನಿ ಸ್ವಲ್ಪ ಜಾಸ್ತಿಯಾದರೆ ಎದ್ದು ಹೋಗಿ ಕಟ್ಟೆ ಮೇಲೆ ಕೂತುಬಿಡುವುದು. ‘ದಿನಾ ಅಷ್ಟು ಸಪ್ಪಳದಾಗ ಇರ್ತಾರ, ಅಲ್ಲೇನೂ ಆಗೂದಿಲ್ಲ. ಮನಿಗೆ ಬಂದ್ರ ಹುಡುಗರ ದನಿ ಸೈತ ತಡಕೊಳ್ಳಂಗಿಲ್ಲ’ ಅಂತ ವೈನಿ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಅದೇ ಮನೆಯ ಹಿಂದಿನ ಖೋಲಿಯಲ್ಲಿ ಕಾಕಾ ಕುಣಿಮಗ್ಗದ ಮುಂದೆ ಕೂತು ಖಣ, ಅಂದರೆ ರವಿಕೆ ಬಟ್ಟೆ, ನೇಯುತ್ತಾರೆ. ಅಲ್ಲೂ ದಿನವಿಡೀ ಖಟ್ ಖಟ್. ಆದರೆ ಕಾಕಾ ಸಿಟ್ಟಾದದ್ದನ್ನು ನಾನು ನೋಡಿದ್ದು ಕಡಿಮೆ. ಬೇಕೆನಿಸಿದಾಗ ನೂಲು ಹಾಯಿಸುವ ಲಾಳಿ ನಿಲ್ಲಿಸುತ್ತಾರೆ, ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಓಣಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಾರೆ. ಮತ್ತೆ ಖಟ್ ಖಟ್.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಹಾಗಾಗಿ ಮೊದಲು ಹೊಳೆದದ್ದು ಸಪ್ಪಳ ಅಳೆಯುವ ಡೆಸಿಬಲ್ ಲೆಕ್ಕ. ಕಾರ್ಖಾನೆಗಳಲ್ಲಿ ಎಂಟು ಗಂಟೆ ಕೆಲಸಕ್ಕೆ 90 ಡೆಸಿಬಲ್ ಮಿತಿ ಅಂತ ನಿಯಮವಿದೆ. ಪವರ್‌ಲೂಮ್ ಶೆಡ್ಡುಗಳಲ್ಲಿ ಸಪ್ಪಳ ಅದನ್ನು ದಾಟುವುದು ಸಾಮಾನ್ಯ. ಕೈಮಗ್ಗದ ಸಪ್ಪಳ ಅದರ ಮುಂದೆ ಏನೂ ಅಲ್ಲ. ಸರಿ, ಉತ್ತರ ಸಿಕ್ಕಿತು ಅಂದುಕೊಂಡೆ. ಆದರೆ ವೈನಿಯ ಮಾತಿಗೆ ಇದರಲ್ಲಿ ಉತ್ತರ ಇರಲಿಲ್ಲ. ಶೆಡ್ಡಿನಲ್ಲಿ ಬಾರದ ಸಿಟ್ಟು, ಸಪ್ಪಳ ನಿಂತ ಮೇಲೆ ಮನೆಯಲ್ಲಿ ಯಾಕೆ ಬರಬೇಕು?

ಇದಕ್ಕೆ ಹತ್ತಿರದ ಉತ್ತರ ಸಿಕ್ಕಿದ್ದು ಅಮೆರಿಕದ ಒಂದು ಹಳೆಯ ಪ್ರಯೋಗದಲ್ಲಿ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ್ದು. 1972ರಲ್ಲಿ ಪುಸ್ತಕವಾಗಿ ಬಂತು. ಅವರು ಟೈಪ್‌ರೈಟರ್, ಲೆಕ್ಕದ ಯಂತ್ರ, ಅರ್ಥವಾಗದ ಭಾಷೆಗಳ ಮಾತು ಎಲ್ಲವನ್ನೂ ಒಂದರ ಮೇಲೊಂದು ಕಲಸಿ 108 ಡೆಸಿಬಲ್‌ನಲ್ಲಿ ಜನರಿಗೆ ಕೇಳಿಸಿದರು. ಕೇಳುತ್ತಲೇ ಅವರು ಸಣ್ಣಪುಟ್ಟ ಲೆಕ್ಕ ಮಾಡಬೇಕು. ಜನ ಬೇಗ ಹೊಂದಿಕೊಂಡರು. ಲೆಕ್ಕವೇನೂ ಅಷ್ಟಾಗಿ ಕೆಡಲಿಲ್ಲ.

ಕೆಟ್ಟದ್ದು ಆಮೇಲೆ. ಸಪ್ಪಳ ನಿಂತು ಶಾಂತವಾದ ಮೇಲೆ ಅದೇ ಜನರಿಗೆ ಬಿಡಿಸಲಾಗದ ಒಗಟುಗಳನ್ನು ಕೊಟ್ಟರು, ತಪ್ಪು ತಿದ್ದಲು ಪುಟಗಳನ್ನು ಕೊಟ್ಟರು. ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಸಪ್ಪಳ ಕೇಳಿದವರು ಒಗಟನ್ನು ಬೇಗ ಕೈಬಿಟ್ಟರು. ಎಷ್ಟೋ ತಪ್ಪುಗಳು ಅವರ ಕಣ್ಣಿಗೆ ಬೀಳಲಿಲ್ಲ. ಹೊಂದಿಕೊಂಡದ್ದರ ಬೆಲೆಯನ್ನು ಶಾಂತ ಕೋಣೆಯಲ್ಲಿ ತೆತ್ತರು. ಅಣ್ಣ ಕಟ್ಟೆ ಮೇಲೆ ಕೂತು ತೆರುತ್ತಿದ್ದದ್ದೂ ಇದೇ ಇರಬೇಕು ಅನಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಯೋಗದ ಮುಂದಿನ ಭಾಗ. ಕೆಲವರ ಕೈಗೆ ಒಂದು ಬಟನ್ ಕೊಟ್ಟರು. ‘ತಡೆಯಲಿಕ್ಕೇ ಆಗದಿದ್ದರೆ ಒತ್ತಿ, ಸಪ್ಪಳ ನಿಲ್ಲುತ್ತದೆ. ಆದರೆ ಒತ್ತದಿದ್ದರೆ ನಮಗೆ ಒಳ್ಳೆಯದು’ ಅಂದರು. ಬಹುತೇಕ ಯಾರೂ ಒತ್ತಲಿಲ್ಲ. ಅಂದರೆ ಎರಡೂ ಗುಂಪು ಕೇಳಿದ್ದು ಅಷ್ಟೇ ಸಪ್ಪಳ, ಅಷ್ಟೇ ಹೊತ್ತು. ಆದರೂ ಬಟನ್ ಇದ್ದವರು ಆಮೇಲಿನ ಒಗಟುಗಳ ಮೇಲೆ ಎಷ್ಟೋ ಜಾಸ್ತಿ ಹೊತ್ತು ಕೂತರು. ತಪ್ಪೂ ಕಡಿಮೆ ಮಾಡಿದರು. ಅವರಿಗೆ ನೆರವಾದದ್ದು ಒಂದೇ: ಬೇಕಾದರೆ ನಿಲ್ಲಿಸಬಹುದು ಅನ್ನುವ ಅರಿವು.

ಶಾಲೆ, ಕಾರ್ಖಾನೆ, ಕಚೇರಿ ಎಲ್ಲಿಯೇ ಆಗಲಿ, ಮನಸ್ಸಿನ ನೆಮ್ಮದಿಯ ಮಾತು ಬಂದಾಗ ನಾವು ಕೇಳುವುದು ‘ಒತ್ತಡ ಎಷ್ಟಿದೆ?’ ಅಂತ. ಅದರ ಜೊತೆಗೆ ‘ಬಟನ್ ಯಾರ ಕೈಯಲ್ಲಿದೆ?’ ಅಂತಲೂ ಕೇಳಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮೆದುಳಿನ ಒಳಗೆ ಏನು ನಡೆಯುತ್ತದೆ ಅನ್ನುವುದೂ ಸ್ವಲ್ಪ ತಿಳಿದಿದೆ. 1967ರಲ್ಲಿ ಸ್ಟೀವನ್ ಮೇಯರ್, ಮಾರ್ಟಿನ್ ಸೆಲಿಗ್ಮನ್ ಇಬ್ಬರೂ ಒಂದು ವಿಷಯ ಕಂಡುಕೊಂಡಿದ್ದರು. ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು, ಮುಂದೆ ದಾರಿ ತೆರೆದಿದ್ದಾಗಲೂ ಸುಮ್ನೆ ಬಿದ್ದಿರುತ್ತಿದ್ದವು. ಪ್ರಾಣಿ ಹತಾಶೆಯನ್ನು ಕಲಿತುಬಿಟ್ಟಿದೆ ಅಂತ ಆಗ ಅಂದುಕೊಂಡರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅವರೇ ಆ ಮಾತನ್ನು ತಿದ್ದಿಕೊಂಡರು. ನೋವು ಬಹಳ ಹೊತ್ತು ಮುಂದುವರಿದರೆ ಕೈಚೆಲ್ಲುವುದು ಮೆದುಳಿನ ಹುಟ್ಟುಗುಣ, ಅದನ್ನು ಕಲಿಯಬೇಕಿಲ್ಲ. ಮೆದುಳಿನ ಬುಡದಲ್ಲಿರುವ, ಸೆರೊಟೊನಿನ್ ಎಂಬ ರಾಸಾಯನಿಕ ಸುರಿಸುವ ಕೋಶಗಳ ಗುಂಪೊಂದು ಆ ಕೆಲಸ ಮಾಡುತ್ತದೆ. ಕಲಿಯಬೇಕಾದದ್ದು ‘ಇದು ನನ್ನ ಹಿಡಿತದಲ್ಲಿದೆ’ ಅನ್ನುವುದನ್ನು. ಹಣೆಯ ಹಿಂದಿನ ಭಾಗಕ್ಕೆ ಅದು ಗೊತ್ತಾದರೆ, ಬುಡದ ಆ ಕೋಶಗಳನ್ನು ಅದು ಸುಮ್ಮನಿರಿಸುತ್ತದೆ. ಒಮ್ಮೆ ಕಲಿತರೆ ಮುಂದಿನ ಕಷ್ಟದಲ್ಲೂ ಅದು ಕಾಯುತ್ತದೆ. ಇದೆಲ್ಲ ಹೆಚ್ಚಾಗಿ ಇಲಿಗಳಲ್ಲಿ ನೋಡಿದ್ದು. ಆದರೂ ಒಬ್ಬ ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ. ಮೂಲೆಯಲ್ಲಿ ಸುಮ್ಮನೆ ಕೂತ ಮಗುವನ್ನು ‘ಸೋಮಾರಿ’ ಅನ್ನುವ ಮುಂಚೆ ನಾನು ಈಗ ಇದನ್ನು ನೆನೆಯುತ್ತೇನೆ.

ನಮ್ಮ ಮಕ್ಕಳ ಕೈಯಲ್ಲಿ ಎಷ್ಟು ಬಟನ್‌ಗಳಿವೆ? ಯಾವಾಗ ಕೂರಬೇಕು, ಯಾವಾಗ ಏಳಬೇಕು, ಯಾರ ಪಕ್ಕ ಕೂರಬೇಕು, ಯಾವಾಗ ನೀರು ಕುಡಿಯಬೇಕು, ಎಲ್ಲ ನಾವೇ ಹೇಳುತ್ತೇವೆ. ಕಿರುಬೆರಳು ಎತ್ತಿ ‘ಸರ್, ಒಂದಕ್ಕೆ’ ಅಂದರೂ ‘ಈಗ ತಾನೆ ಹೋಗಿ ಬಂದೆಯಲ್ಲ, ಕೂಡು’ ಅನ್ನುತ್ತೇವೆ. ನಾನೂ ವರ್ಷಗಟ್ಟಲೆ ಹೀಗೇ ಅಂದವನು. ಒಂದು ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿ, ನಾನು ಬೇಡ ಅಂದು, ಆಕೆ ಅಳುತ್ತಾ ಕೂತದ್ದು ನನಗೆ ಗೊತ್ತಾದದ್ದು ಗಂಟೆ ಹೊಡೆದ ಮೇಲೆ. ಆ ಸಂಜೆ ಕಾಕಾನ ಹತ್ತಿರ ಒಂದು ಹಳೆಯ, ತುದಿ ಸವೆದ ಲಾಳಿ ಕೇಳಿ ತಂದೆ. ತರಗತಿಯ ಬಾಗಿಲ ಪಕ್ಕ ಮೊಳೆ ಹೊಡೆದು ತೂಗು ಹಾಕಿದೆ. ಯಾರಿಗೆ ಬೇಕೋ ಅವರು ಲಾಳಿ ಹಿಡಿದು ಹೋಗಬೇಕು, ನನ್ನನ್ನು ಕೇಳುವುದು ಬೇಡ. ಬಂದು ಮತ್ತೆ ತೂಗು ಹಾಕಬೇಕು. ಲಾಳಿ ಒಂದೇ, ಹಾಗಾಗಿ ಒಮ್ಮೆಗೆ ಒಬ್ಬರೇ. ಮೊದಲ ವಾರ ಲಾಳಿ ಮೊಳೆಯ ಮೇಲೆ ನಿಲ್ಲಲೇ ಇಲ್ಲ. ಜೊತೆಯ ಶಿಕ್ಷಕರು ‘ಶಿಸ್ತು ಹೋಯ್ತು ನೋಡ್ರಿ’ ಅಂದರು. ಎರಡನೇ ತಿಂಗಳ ಹೊತ್ತಿಗೆ ಅದು ಹೆಚ್ಚಿನ ಹೊತ್ತು ಮೊಳೆಯ ಮೇಲೇ ಇರುತ್ತಿತ್ತು.

ಪರೀಕ್ಷೆಯ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ಪರೀಕ್ಷೆಯ ಕೋಣೆಯೊಳಗೆ ನೆನಪಾಗದ ಉತ್ತರ ಹೊರಗೆ ಬಂದ ಕೂಡಲೇ ನೆನಪಾಗುತ್ತದೆ, ಅಲ್ವಾ? ಇದು ನೆಪ ಅಲ್ಲ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಒಂದಿಷ್ಟು ಪದ ಕಲಿಸಿ, ಮಾರನೇ ದಿನ ಕೇಳಿದರು. ಕೇಳುವ ಒಂದು ಗಂಟೆ ಮುಂಚೆ ಕಾರ್ಟಿಸೋನ್ ಮಾತ್ರೆ ನುಂಗಿದವರು ಕಡಿಮೆ ಪದ ಹೇಳಿದರು. ಈ ಮಾತ್ರೆ ದೇಹದೊಳಗೆ ಹೋಗಿ ಕಾರ್ಟಿಸಾಲ್ ಆಗುತ್ತದೆ. ಹೆದರಿದಾಗ ನಮ್ಮ ಮೂತ್ರಪಿಂಡದ ಮೇಲಿನ ಗ್ರಂಥಿ ಸುರಿಸುವುದೂ ಇದೇ ಹಾರ್ಮೋನನ್ನು. ಅದೇ ಮಾತ್ರೆಯನ್ನು ಕಲಿಯುವ ಮುಂಚೆ ಕೊಟ್ಟಾಗ ತೊಂದರೆ ಆಗಲಿಲ್ಲ. ಅಂದರೆ ಕಲಿತದ್ದು ತಲೆಯೊಳಗೇ ಇತ್ತು. ಹೊರಗೆ ತೆಗೆಯುವ ಬಾಗಿಲು ಮಾತ್ರ ಬಿಗಿಯಾಗಿತ್ತು.

ಕಾರ್ಟಿಸಾಲ್ ಎಲ್ಲ ಒತ್ತಡಕ್ಕೂ ಒಂದೇ ಸಮ ಏರುವುದಿಲ್ಲ. 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2004ರ ಒಂದು ಅಧ್ಯಯನ ಇದೆ. ಎರಡು ಸಂಗತಿ ಕೂಡಿದಾಗ ಅದು ಅತಿ ಹೆಚ್ಚು ಏರುತ್ತದೆ: ಬೇರೆಯವರು ನಮ್ಮನ್ನು ಅಳೆಯುತ್ತಿರುವುದು, ಮತ್ತು ಏನು ಮಾಡಿದರೂ ಫಲ ನಮ್ಮ ಕೈಯಲ್ಲಿಲ್ಲದಿರುವುದು. ಬೋರ್ಡಿನ ಮುಂದೆ ನಿಲ್ಲಿಸಿ, ಉತ್ತರ ಬರುವವರೆಗೂ ಕೂರಲು ಬಿಡದೆ, ನಲವತ್ತು ಮಕ್ಕಳೆದುರು ಒಬ್ಬನನ್ನು ಕೇಳುವುದು ಈ ಎರಡೂ ಕೂಡಿದ ಜಾಗ. ನಾನು ಅದನ್ನು ಬಿಟ್ಟೆ. ಈಗ ‘ಬೇಡ, ಮುಂದಿನವರು’ ಅನ್ನಲು ಎಲ್ಲರಿಗೂ ಹಕ್ಕಿದೆ.

ಈ ಕಣ್ಣಿನಿಂದ ನೋಡಿದರೆ ಎಸ್ಎಸ್ಎಲ್‌ಸಿಗೆ 2024ರಿಂದ ಬಂದ, ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದಾದ ಪದ್ಧತಿ ನನಗೆ ಬಹಳ ಹಿಡಿಸಿದೆ. ಬರೆದವುಗಳಲ್ಲಿ ಯಾವುದರಲ್ಲಿ ಚೆನ್ನಾಗಿ ಬಂತೋ ಆ ಅಂಕ ಉಳಿಯುತ್ತದೆ. ಶಿಕ್ಷಕರಿಗೆ ಕೆಲಸ ಜಾಸ್ತಿ ಅನ್ನುವ ದೂರು ಇದೆ, ಅದು ನಿಜವೂ ಹೌದು. ಆದರೆ ಮೊದಲ ಪರೀಕ್ಷೆ ಬರೆಯುವ ಮಗುವಿನ ಜೇಬಿನಲ್ಲಿ ಒಂದು ಬಟನ್ ಇರುತ್ತದೆ. ಒತ್ತಬೇಕಾದ ಪ್ರಸಂಗ ಬಾರದಿರಬಹುದು. ಇದ್ದರೆ ಸಾಕು.

ದೊಡ್ಡವರ ಕೆಲಸದ ಜಾಗದಲ್ಲೂ ಇದೇ ಕಥೆ. ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು 1967ರಿಂದ ವರ್ಷಗಟ್ಟಲೆ ನೋಡುತ್ತಾ ಬಂದ ಅಧ್ಯಯನ ಒಂದಿದೆ. ಎಲ್ಲರಿಗೂ ಖಾಯಂ ನೌಕರಿ. ಹೃದಯದ ಕಾಯಿಲೆ ಮೇಲಿನ ಅಧಿಕಾರಿಗಳಿಗೇ ಜಾಸ್ತಿ, ಹೊಣೆ ಅವರದ್ದಲ್ಲವೇ ಅಂತ ಜನ ಅಂದುಕೊಂಡಿದ್ದರು. ಮೈಕಲ್ ಮಾರ್ಮೊಟ್ ಮತ್ತು ಜೊತೆಗಾರರು ಲೆಕ್ಕ ತೆಗೆದಾಗ ಉಲ್ಟಾ ಬಂತು. ತೀರಾ ಕೆಳಗಿನ ದರ್ಜೆಯವರಲ್ಲಿ ಹೃದಯಾಘಾತದ ಸಾವು ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಕಳೆದರೂ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ 10,308 ನೌಕರರನ್ನು ಇಟ್ಟುಕೊಂಡು ಎರಡನೇ ಸುತ್ತು ಶುರುವಾಯಿತು. ತನ್ನ ಕೆಲಸದ ಮೇಲೆ ತನಗೆಷ್ಟು ಹಿಡಿತವಿದೆ ಅನ್ನುವುದೇ ಆ ಅಂತರದ ದೊಡ್ಡ ಪಾಲನ್ನು ವಿವರಿಸುತ್ತದೆ ಅಂತ ಅದರಲ್ಲಿ ಕಂಡುಬಂತು.

ಇಷ್ಟು ಗೊತ್ತಿದ್ದೂ ನಾವು ಮಾಡುವುದೇನು? ವರ್ಷಕ್ಕೊಮ್ಮೆ ಸಭಾಭವನದಲ್ಲಿ ಎಲ್ಲರನ್ನೂ ಕೂರಿಸಿ ‘ಒತ್ತಡ ನಿರ್ವಹಣೆ’ ಭಾಷಣ. ಆಳವಾಗಿ ಉಸಿರೆಳೆಯಿರಿ, ಸಕಾರಾತ್ಮಕವಾಗಿ ಯೋಚಿಸಿ. ಅದು ಕೆಟ್ಟದ್ದಲ್ಲ. ಆದರೆ ಬ್ರಿಟನ್ನಿನಲ್ಲಿ 233 ಸಂಸ್ಥೆಗಳ 46,336 ನೌಕರರನ್ನು ನೋಡಿದ 2024ರ ಅಧ್ಯಯನದಲ್ಲಿ, ಇಂಥ ತರಬೇತಿ, ಆ್ಯಪ್‌ಗಳನ್ನು ಬಳಸಿದವರು ಬಳಸದವರಿಗಿಂತ ನೆಮ್ಮದಿಯಾಗೇನೂ ಇರಲಿಲ್ಲ. ಅಲ್ಲಿನ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಇಟ್ಟುಕೊಂಡು, ಸುಮಾರು ಅರ್ಧ ಶಾಲೆಗಳಲ್ಲಿ ಧ್ಯಾನದ ಪಾಠ ಸೇರಿಸಿ ನೋಡಿದ ಪ್ರಯೋಗದಲ್ಲೂ ಮಕ್ಕಳಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನೀರು ಸೋರುವ ಮನೆಯಲ್ಲಿ ಕೂತವರಿಗೆ ಒದ್ದೆಯಾಗದಿರುವುದು ಹೇಗೆ ಅಂತ ಪಾಠ ಮಾಡಿದರೆ ಏನಾದೀತು? ಮಾಳಿಗೆ ಸರಿ ಮಾಡಬೇಕು.

ಮಾಳಿಗೆ ಸರಿ ಮಾಡಲು ಹೊರಟ ಒಂದು ಪ್ರಯತ್ನ ನಮ್ಮ ದೇಶದಲ್ಲೇ ಆಗಿದೆ. ಬಿಹಾರದ ನಳಂದಾ ಜಿಲ್ಲೆಯ 70ಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದದ್ದು. ಕೆಲವು ಶಾಲೆಗಳಿಗೆ ಮನೋವೈದ್ಯರಲ್ಲದ, ಆದರೆ ತರಬೇತಿ ಪಡೆದ ಸಲಹೆಗಾರರೊಬ್ಬರು ಬಂದರು. ಗೋಡೆ ಪತ್ರಿಕೆ, ಸ್ಪರ್ಧೆ, ಚರ್ಚಾ ಗುಂಪು ಶುರುವಾದವು. ಜೊತೆಗೆ ಒಂದು ಡಬ್ಬಿ ಇಟ್ಟರು. ಹೆಸರು ಬರೆಯದೆಯೂ ಮಕ್ಕಳು ದೂರು, ಸಲಹೆ ಬರೆದು ಹಾಕಬಹುದು. ಅಲ್ಲಿ ಮಕ್ಕಳ ಖಿನ್ನತೆಯ ಲಕ್ಷಣ ಇಳಿಯಿತು, ಒಬ್ಬರನ್ನೊಬ್ಬರು ಪೀಡಿಸುವುದು ಇಳಿಯಿತು. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. ಇದೇ ಕೆಲಸವನ್ನು ಶಾಲೆಯ ಶಿಕ್ಷಕರಿಗೇ ಒಪ್ಪಿಸಿದ ಕಡೆ ಮಾತ್ರ ಏನೂ ಬದಲಾಗಲಿಲ್ಲ. ಓದಿ ಮನಸ್ಸಿಗೆ ನೋವಾಯಿತು. ಆಮೇಲೆ ಯೋಚಿಸಿದರೆ ಅರ್ಥವಾಗುತ್ತದೆ. ಅಂಕ ಕೊಡುವವನ ಹತ್ತಿರ ಮಗು ಎಷ್ಟು ಅಂತ ಬಾಯಿ ಬಿಟ್ಟೀತು? ಶಿಕ್ಷಕನ ಕೈಯಲ್ಲಾದರೂ ಎಷ್ಟು ಬಿಡುವಿದೆ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಖಿನ್ನತೆ, ವಿಪರೀತ ಆತಂಕ ಇವು ಕಾಯಿಲೆಗಳು. ಅವಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ ಕೂಡ. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಶಾಲೆಯಲ್ಲಿ ನೀರಿನ ನಳದ ಮೇಲಿನ ಗೋಡೆಗೆ ದೊಡ್ಡದಾಗಿ ಬರೆಸಿದ್ದೇವೆ.

ಕಾಕಾನ ವಿಷಯಕ್ಕೂ ನ್ಯಾಯ ಸಲ್ಲಿಸಬೇಕು. ಲಾಳಿ ಅವರ ಕೈಯಲ್ಲಿದೆ, ನಿಜ. ರೇಷ್ಮೆಯ ದರ, ಮಜೂರಿ ಅವರ ಕೈಯಲ್ಲಿಲ್ಲ. ದುಡಿಮೆಗೆ ತಕ್ಕ ಫಲ ಸಿಗದಿರುವುದೂ ದೇಹ ಮನಸ್ಸು ಎರಡನ್ನೂ ತಿನ್ನುತ್ತದೆ ಅಂತ ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲೇ ವಿವರವಾಗಿ ಹೇಳಿದ್ದಾರೆ. ಕಾಕಾನ ಮಕ್ಕಳು ಯಾರೂ ಮಗ್ಗಕ್ಕೆ ಕೂರಲಿಲ್ಲ. ಬರೀ ಸ್ವಾತಂತ್ರ್ಯದಿಂದ ಹೊಟ್ಟೆ ತುಂಬುವುದಿಲ್ಲ.

ಅಣ್ಣನಿಗೆ ಈ ಬಟನ್ನಿನ ಪ್ರಯೋಗ ಹೇಳಿದಾಗ ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಸ್ವಿಚ್ಚೇನೋ ನನ್ನ ಕೈಯಾಗ ಐತಿ ತಮ್ಮಾ. ಬಂದ್ ಮಾಡಿದ್ರ ಮೀಟರ್ ಲೆಕ್ಕದ ಪಗಾರ ಹೋಗ್ತೈತಿ’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾದರೆ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಏನು ಅಂತ ಕೇಳಿದೆ. ಸಪ್ಪಳ ಅನ್ನುತ್ತಾನೆ ಅಂದುಕೊಂಡಿದ್ದೆ. ‘ಪಾಳಿ’ ಅಂದ. ನಾಳೆ ಹಗಲು ಪಾಳಿಯೋ ರಾತ್ರಿ ಪಾಳಿಯೋ ಅನ್ನುವುದು ಇವತ್ತು ಸಂಜೆ ಗೊತ್ತಾಗುತ್ತಿತ್ತು.

ನನಗೆ ಕೂಡಲೇ ನೆನಪಾದದ್ದು ಲಂಡನ್ನಿನ 2016ರ ಇನ್ನೊಂದು ಪ್ರಯೋಗ. 45 ಜನ ಕಂಪ್ಯೂಟರ್ ಪರದೆಯ ಮೇಲೆ ಕಲ್ಲುಗಳನ್ನು ನೋಡುತ್ತಾ, ಅಡಿಯಲ್ಲಿ ಹಾವಿದೆಯೇ ಇಲ್ಲವೇ ಅಂತ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ಶಾಕ್. ಬೆವರು, ಕಣ್ಣಿನ ಪಾಪೆ ಎಲ್ಲ ಅಳೆದರು. ಶಾಕ್ ಖಂಡಿತ ಅಂತ ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಇರಬಹುದು ಇಲ್ಲದಿರಬಹುದು ಅನ್ನುವ ಅರ್ಧಂಬರ್ಧ ಸ್ಥಿತಿಯಲ್ಲಿ ಒತ್ತಡ ಜಾಸ್ತಿ ಇತ್ತು. ಅಣ್ಣ ಪ್ರತಿ ಸಂಜೆ ಆ ಕಲ್ಲು ಎತ್ತುತ್ತಿದ್ದ.

ಈ ಮಾತಾದ ಮೇಲೆ ಅಣ್ಣ ಮತ್ತು ಜೊತೆಯ ಮೂವರು ಮಾಲಕರ ಹತ್ತಿರ ಹೋದರು. ಪಗಾರ ಕೇಳಲಿಲ್ಲ. ವಾರದ ಪಾಳಿ ಸೋಮವಾರವೇ ಹೇಳಿಬಿಡಿ, ನಮ್ಮ ನಮ್ಮಲ್ಲೇ ಅದಲುಬದಲು ಮಾಡಿಕೊಳ್ಳಲು ಬಿಡಿ ಅಂದರು. ಮಾಲಕರು ಒಂದು ತಿಂಗಳು ತಡೆದು ಒಪ್ಪಿದರು. ಈಗ ಶೆಡ್ಡಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಾರಂತೆ. ಮಗ್ಗಗಳ ಸಪ್ಪಳ ಹಾಗೇ ಇದೆ.

ಈ ಸಲ ಬನಶಂಕರಿ ಜಾತ್ರೆಗೆ ಅಣ್ಣ ಎರಡು ರಾತ್ರಿ ಅದಲುಬದಲು ಮಾಡಿಕೊಂಡು ಬಂದ. ಬಂದ ದಿನವೇ ಮಕ್ಕಳನ್ನೂ ವೈನಿಯನ್ನೂ ಕರೆದುಕೊಂಡು ಜಾತ್ರೆಗೆ ನಡೆದ. ನಾನೂ ಹೋದೆ. ತೊಟ್ಟಿಲು, ಪೀಪಿ, ಒಂದರ ಮೇಲೊಂದು ಕೂಗುವ ನಾಟಕ ಕಂಪನಿಗಳ ಮೈಕು. ರಾತ್ರಿ ನಾಟಕಕ್ಕೆ ಕೂತೆವು, ಸ್ಪೀಕರಿನ ಬುಡದಲ್ಲೇ ಜಾಗ ಸಿಕ್ಕಿತ್ತು. ಮಕ್ಕಳು ಅವನ ತೊಡೆಯ ಮೇಲೆ ನಿದ್ದೆಹೋದವು. ಬೆಳಗಿನ ಜಾವ ನಾನೇ ಕಿವಿ ಮುಚ್ಚಿಕೊಂಡು ‘ಅಣ್ಣಾ, ಹೋಗೋಣೇನು?’ ಅಂದೆ.

‘ಇನ್ನೂ ಒಂದು ಅಂಕ ಐತಿ, ಕುಂದ್ರು’ ಅಂದ.