ಚಪ್ಪಲಿ ಬಿಚ್ಚಿಸಿ ಎಂದ ಕಂಪ್ಯೂಟರ್

ಶಹಾಬಾದಿನ ನಮ್ಮ ಕ್ಲಿನಿಕ್ಕಿಗೆ ಒಬ್ಬ ಯಜಮಾನರು ಎಂಟು ತಿಂಗಳು ತಪ್ಪದೆ ಬಂದರು. ಫರ್ಸಿ ಕಲ್ಲಿನ ಗಣಿಯಲ್ಲಿ ಕೆಲಸ, ಹತ್ತು ವರ್ಷದ ಹಳೇ ಶುಗರ್. ಪ್ರತಿ ಸಲ ಶುಗರ್ ನೋಡಿದೆ, ಬಿ.ಪಿ. ನೋಡಿದೆ, ಗುಳಿಗೆ ಬರೆದುಕೊಟ್ಟೆ. ಕಾಲು ನೋಡಲಿಲ್ಲ. ಒಂಬತ್ತನೇ ತಿಂಗಳು ಅವರ ಹೆಂಡತಿ ಜೊತೆಗೆ ಬಂದು, "ಸಾಹೇಬ್ರ, ಇವ್ರ ಕಾಲಾಗ ವಾಸ್ನಿ ಬರ್ಲತ್ತದ, ನೋಡ್ರಿ" ಎಂದರು. ಹೆಬ್ಬೆರಳಿನ ಕೆಳಗೆ ರೂಪಾಯಿ ಅಗಲದ ಹುಣ್ಣು. ನರಗಳು ಮರಗಟ್ಟಿದ್ದರಿಂದ ಅವರಿಗೆ ನೋವೇ ಆಗಿರಲಿಲ್ಲ. ಕೊನೆಗೆ ಆ ಬೆರಳು ಹೋಯಿತು.

ಶುಗರ್ ಇದ್ದವರ ಕಾಲನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು ಅನ್ನೋದು ನನಗೆ ಗೊತ್ತಿರಲಿಲ್ಲವೇ? ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಹೊರಗೆ ಬೆಂಚಿನ ತುಂಬ ಜನ, ಒಳಗೆ ಒಂದು ಮಗು ಅಳುತ್ತಿದೆ, ಯಜಮಾನರು ಬೂಟು ಹಾಕಿಕೊಂಡು ಕುಳಿತಿದ್ದಾರೆ. ಬೂಟು ಬಿಚ್ಚಿಸಿ, ಸಾಕ್ಸ್ ತೆಗೆಸಿ ನೋಡೋಕೆ ಎರಡು ನಿಮಿಷ ಬೇಕು. ಆ ಎರಡು ನಿಮಿಷ ಎಂಟು ಸಲವೂ ಮುಂದಿನ ತಿಂಗಳಿಗೆ ಹೋಯಿತು.

ಇದು ನನ್ನೊಬ್ಬನ ಕತೆಯಲ್ಲ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೆಮ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು 1976ರಲ್ಲೇ ಒಂದು ಅಧ್ಯಯನ ಪ್ರಕಟಿಸಿದರು. ಈ ರೋಗಿಗೆ ಇಂಥದ್ದು ಬಾಕಿ ಇದೆ ಎಂದು ಕಂಪ್ಯೂಟರ್ ನೆನಪಿಸಿದಾಗ ವೈದ್ಯರು ಶೇ 51ರಷ್ಟು ಸಂದರ್ಭಗಳಲ್ಲಿ ಅದನ್ನು ಮಾಡಿದರು. ನೆನಪಿಸದಿದ್ದಾಗ ಶೇ 22 ಮಾತ್ರ. ವೈದ್ಯರು ಅವರೇ, ಓದಿದ್ದೂ ಅದೇ. ಇಂಥ ತಪ್ಪುಗಳಲ್ಲಿ ಬಹಳಷ್ಟಕ್ಕೆ ಕಾರಣ ದಡ್ಡತನವಲ್ಲ, ಮನುಷ್ಯನ ತಲೆಗೆ ಒಂದೇ ಹೊತ್ತಿಗೆ ಅಷ್ಟೆಲ್ಲ ವಿಷಯ ಹಿಡಿಯುವುದಿಲ್ಲ ಎಂದರು ಮೆಕ್‌ಡೊನಾಲ್ಡ್. ಆ ಮಾತು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಹೇಳಲಾರೆ.

ಸರಿ, ನಾವೂ ಸಾಫ್ಟ್‌ವೇರ್ ಹಾಕಿಸಿದೆವು. ಮೊದಲ ಮೂರು ತಿಂಗಳು ದೊಡ್ಡ ಫಜೀತಿ. ಇರುವ ಎಲ್ಲ ಎಚ್ಚರಿಕೆಗಳನ್ನೂ ಆನ್ ಮಾಡಿಬಿಟ್ಟಿದ್ದೆ. ರೋಗಿಯ ಹೆಸರು ಒತ್ತಿದರೆ ಸಾಕು, ಪರದೆಯ ಮೇಲೆ ಒಂದರ ಮೇಲೊಂದು ಹಳದಿ ಡಬ್ಬಿ. ಕಣ್ಣಿನ ಪರೀಕ್ಷೆ ಬಾಕಿ, ಮೂತ್ರ ಪರೀಕ್ಷೆ ಬಾಕಿ, ಲಸಿಕೆ ಬಾಕಿ, ತೂಕ ಬರೆದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಗಿಜಿಗುಡುವ ಬಜಾರಿನಲ್ಲಿ ಆಟೋ ಹಾರ್ನ್ ಯಾರಾದರೂ ಕೇಳಿಸಿಕೊಳ್ಳುತ್ತಾರಾ? ಹಾಗೇ ಆಯಿತು. ಓದದೆ ಸುಮ್ನೆ 'ಸರಿ' ಒತ್ತುವುದು ಬೆರಳಿಗೆ ರೂಢಿಯಾಯಿತು. ಒಂದು ದಿನ ಬಿ.ಪಿ.ಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಿದ್ದ ಹೆಣ್ಣುಮಗಳು ಬಂದರು, ಎರಡು ತಿಂಗಳ ಗರ್ಭಿಣಿ. ಆ ಗುಳಿಗೆ ಗರ್ಭಿಣಿಯರಿಗೆ ಕೊಡಬಾರದು. ಎಚ್ಚರಿಕೆ ಬಂದಿತ್ತು, ನಾನು ಅದನ್ನೂ ಒತ್ತಿ ಮುಚ್ಚಿದ್ದೆ. ಚೀಟಿ ನೋಡಿ ತಡೆದದ್ದು ನಮ್ಮ ನರ್ಸಮ್ಮ.

ಅವತ್ತು ಸಂಜೆಯೇ ಕುಳಿತು ಒಂದೊಂದೇ ಆಫ್ ಮಾಡಿದೆ. ಐದು ಉಳಿಸಿಕೊಂಡೆ, ಆರನೆಯದು ಆಮೇಲೆ ಸೇರಿತು. ಉಳಿಸಲು ನನಗಿದ್ದ ಅಳತೆ ಒಂದೇ. ಇವತ್ತು, ಇದೇ ಕೋಣೆಯಲ್ಲಿ ಮಾಡಲು ಆಗುವಂಥದ್ದಾ? ಕಣ್ಣಿನ ಪರದೆ ನೋಡುವ ಯಂತ್ರ ನಮ್ಮಲ್ಲಿಲ್ಲ. ಅದನ್ನು ದಿನಕ್ಕೆ ಮೂವತ್ತು ಸಲ ನೆನಪಿಸಿದರೆ ನನಗೆ ಸಿಟ್ಟು ಬರುತ್ತದೆಯೇ ಹೊರತು ರೋಗಿಯ ಕಣ್ಣಿಗೇನೂ ಆಗುವುದಿಲ್ಲ. ಅಂಥವರನ್ನು ವರ್ಷಕ್ಕೊಂದು ದಿನ ಪಟ್ಟಿ ಮಾಡಿ ಕಲಬುರಗಿಗೆ ಕಳಿಸುತ್ತೇವೆ.

ಇನ್ನೊಂದು ಬದಲಾವಣೆ ಇದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಕಾಲಿನ ಸೂಚನೆಯನ್ನು ನನ್ನ ಪರದೆಯಿಂದ ತೆಗೆದು ನರ್ಸಮ್ಮನ ಪರದೆಗೆ ಹಾಕಿದೆವು. ಅವರು ತೂಕ ನೋಡುವಾಗ ಹೇಗೂ ಚಪ್ಪಲಿ ಬಿಚ್ಚಿಸುತ್ತಾರೆ. ಆಗಲೇ 'ಕಾಲು ನೋಡಿ' ಎಂದು ಬರುತ್ತದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ ಇದೆ. ಅದನ್ನು ಪಾದಕ್ಕೆ ಮುಟ್ಟಿಸಿ, ಗೊತ್ತಾಗುತ್ತದಾ ಎಂದು ಕೇಳುತ್ತಾರೆ. ನನ್ನ ಮುಂದೆ ಬರುವ ಹೊತ್ತಿಗೆ ರೋಗಿ ಬರಿಗಾಲಲ್ಲಿರುತ್ತಾರೆ. ನಾನು ಮರೆಯಬೇಕೆಂದರೂ ಆಗುವುದಿಲ್ಲ.

ಇದನ್ನೆಲ್ಲ ಹೇಳಿ ಕಂಪ್ಯೂಟರ್ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. 2009ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 28 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪರದೆಯ ಮೇಲೆ ಬರುವ ಇಂಥ ಸೂಚನೆಗಳಿಂದ ಆದ ಸುಧಾರಣೆ ಸಾಮಾನ್ಯವಾಗಿ ಸುಮಾರು 4 ಅಂಶ. ಅಂದರೆ ನೂರು ಸಲ ಮಾಡಬೇಕಾದ ಕೆಲಸ ನಾಲ್ಕು ಸಲ ಜಾಸ್ತಿ ಆಯಿತು, ಅಷ್ಟೇ. ಕೆಲವು ಕಡೆ ಇದಕ್ಕಿಂತ ಬಹಳ ಹೆಚ್ಚು, ಕೆಲವು ಕಡೆ ಏನೂ ಇಲ್ಲ. ಡಬ್ಬಿ ಯಾರ ಮುಂದೆ, ಯಾವ ಗಳಿಗೆಯಲ್ಲಿ ತೆರೆಯುತ್ತದೆ ಅನ್ನೋದರ ಮೇಲೆ ಬಹಳ ನಿಂತಿದೆ ಅಂತ ನನ್ನ ಅನುಭವ.

ಅದು ಏನು ಕೇಳುತ್ತದೆ ಅನ್ನೋದೂ ಮುಖ್ಯ. ನಮ್ಮ ಸಾಫ್ಟ್‌ವೇರಿನಲ್ಲಿ 'ಉದ್ಯೋಗ' ಎಂಬ ಒಂದು ಸಾಲಿತ್ತು. ಕೌಂಟರಿನ ಹುಡುಗ ಎಲ್ಲರಿಗೂ 'ಕೂಲಿ' ಎಂದು ತುಂಬುತ್ತಿದ್ದ. ತಪ್ಪೇನಲ್ಲ. ತೊಗರಿ ಹೊಲಕ್ಕೆ ಹೋಗುವವರೂ ಕೂಲಿ, ಇಟ್ಟಂಗಿ ಭಟ್ಟಿಯವರೂ ಕೂಲಿ, ಫರ್ಸಿ ಗಣಿಯವರೂ ಕೂಲಿ. ಆದರೆ ಪುಪ್ಪುಸಕ್ಕೆ ಮೂರೂ ಒಂದೇ ಅಲ್ಲ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ವರ್ಷಾನುಗಟ್ಟಲೆ ಒಳಗೆ ಹೋದರೆ ಟಿ.ಬಿ. ಬರುವ ಸಾಧ್ಯತೆ ಹೆಚ್ಚು. ಎರಡು ವಾರ ಮೀರಿದ ಕೆಮ್ಮಿದ್ದರೆ ಯಾರಿಗೇ ಆಗಲಿ ಕಫ ಪರೀಕ್ಷೆ ಮಾಡಿಸಬೇಕು, ಗಣಿಯವರಲ್ಲಿ ಅದು ತಪ್ಪಲೇಬಾರದು. ಈಗ ಹುಡುಗ 'ಎಲ್ಲಿ ಕೂಲಿ?' ಎಂದು ಕೇಳಿ ಬರೆಯುತ್ತಾನೆ. ಗಣಿ ಅಂತಿದ್ದು, ಕೆಮ್ಮೂ ಇದ್ದರೆ ನನ್ನ ಪರದೆಯಲ್ಲಿ ಕೆಂಪು ಸಾಲು ಬರುತ್ತದೆ. ಆರರಲ್ಲಿ ಕೆಂಪಗಿರುವುದು ಎರಡೇ. ಇನ್ನೊಂದು ಆ ಗರ್ಭಿಣಿಯರ ಗುಳಿಗೆಯದು.

ಸೂಚನೆ ಬೇಡವೆಂದು ದಾಟಿಸಿದರೆ ಕಾರಣವನ್ನು ಒಂದೆರಡು ಪದದಲ್ಲಿ ಬರೆಯಬೇಕು ಎಂದೂ ಮಾಡಿಕೊಂಡೆವು. ತಿಂಗಳ ಕೊನೆಗೆ ಆ ಕಾರಣಗಳನ್ನು ಓದುತ್ತೇನೆ. 'ಗಡಿಬಿಡಿ' ಅನ್ನೋದೇ ಬಹಳ, ಬರೆದವನು ನಾನೇ. ತೊಗರಿ ರಾಶಿ ಮುಗಿಯುತ್ತಲೇ 'ಪುಣೆಗೆ ಹೋಗುತ್ತಾರೆ' ಎಂಬುದು ಶುರುವಾಗುತ್ತದೆ. ಅಂಥವರಿಗೆ ಮುಂದಿನ ತಿಂಗಳ ತಾರೀಕು ಕೊಟ್ಟು ಏನು ಪ್ರಯೋಜನ? ಆರನೇ ಸೂಚನೆ ಹುಟ್ಟಿದ್ದು ಹೀಗೆ. ಡಿಸೆಂಬರ್ ಬಂದರೆ ಬಿ.ಪಿ., ಶುಗರ್ ಇರುವ ಪ್ರತಿಯೊಬ್ಬರಿಗೂ 'ಊರು ಬಿಡುತ್ತೀರಾ?' ಎಂದು ಕೇಳಲು ಅದು ಹೇಳುತ್ತದೆ. ಹೌದು ಎಂದರೆ ಗುಳಿಗೆ ಹೆಸರು ದೊಡ್ಡದಾಗಿ ಬರೆದ ಕಾರ್ಡು ಕೈಗೆ ಕೊಡುತ್ತೇವೆ. ಅಲ್ಲಿನ ಡಾಕ್ಟರಿಗೆ ತೋರಿಸಲಿ ಅಂತ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ಇದ್ಯಾವುದೂ ಇಲ್ಲ. ಅದಕ್ಕೆ ನರ್ಸಮ್ಮ ಸ್ಟೇಷನ್ ರೋಡಿನ ಅಂಗಡಿಯಲ್ಲಿ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡು ಬಂದಿದ್ದಾರೆ. ಕಾಲು, ಕಫ, ಗರ್ಭ ಎಂದು ಮೂರು ಪದ, ಪಕ್ಕದಲ್ಲಿ ಖಾಲಿ ಚೌಕ. ಚೀಟಿಯ ಮೂಲೆಗೆ ಒತ್ತಿ ಕಳಿಸುತ್ತಾರೆ. ಚೌಕ ಖಾಲಿ ಇದ್ದರೆ ಕೌಂಟರಿನಲ್ಲಿ ಔಷಧಿ ಕೊಡುವುದಿಲ್ಲ, ರೋಗಿಯನ್ನು ನನ್ನ ಹತ್ತಿರ ವಾಪಸ್ ಕಳಿಸುತ್ತಾರೆ.