ಕಲ್ಲಿನ ಹಾಗಿರೋ ಟೈರು

ಶನಿವಾರ ಸಂಜೆ ನನ್ನ ಸೈಕಲ್ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಭಾನುವಾರ ಬೆಳಿಗ್ಗೆ ಎಲ್ಲಿಗೋ ಹೊರಟವರು. ಬೆಂಗಳೂರಿನ ಸುತ್ತಲಿನ ತುರಹಳ್ಳಿ, ಆವಲಹಳ್ಳಿ, ಹೆಸರಘಟ್ಟ, ಸ್ವಲ್ಪ ಹುಮ್ಮಸ್ಸು ಜಾಸ್ತಿ ಇದ್ದರೆ ನಂದಿ ಬೆಟ್ಟ. ಸೈಕಲ್ ತಳ್ಳಿಕೊಂಡು ಒಳಗೆ ಬಂದು, "ಒಂದ್ಸಲ ಎಲ್ಲಾ ನೋಡಿಬಿಡಿ ಸರ್, ಗಾಳಿ ಮಾತ್ರ ಬೇಡ, ಫುಲ್ ಹೊಡೆಸಿಕೊಂಡೇ ಬಂದೆ" ಅನ್ನುತ್ತಾರೆ. ಆ 'ಫುಲ್' ಕಿವಿಗೆ ಬಿದ್ದ ಕೂಡಲೇ ನಾನು ಕೈಲಿದ್ದ ಅಲೆನ್ ಕೀ ಕೆಳಗಿಟ್ಟು ಗಾಳಿ ಅಳೆಯುವ ಗೇಜ್ ಹುಡುಕುತ್ತೇನೆ. ನೋಡಿದರೆ 60 ಪಿಎಸ್‌ಐ. ಒಮ್ಮೊಮ್ಮೆ 65. ಬೆರಳಲ್ಲಿ ಒತ್ತಿದರೆ ಬೆರಳಿಗೇ ನೋವು.

ಪಿಎಸ್‌ಐ ಅಂದರೆ ನಮ್ಮಲ್ಲಿ ಠಾಣೆಯ ಸಾಹೇಬರೇ ನೆನಪಾಗೋದು, ಗೊತ್ತು. ಇದು ಗಾಳಿಯ ಒತ್ತಡದ ಅಳತೆ, ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಅಂತ. ಆದರೆ ಇಬ್ಬರ ಒತ್ತಡವೂ ಜಾಸ್ತಿ ಆದರೆ ಕಷ್ಟವೇ.

ಮಣ್ಣು ದಾರಿಗೆ ಅಂತಲೇ ಮಾಡಿದ ಈ ದಪ್ಪ ಟೈರಿನ ಮೌಂಟನ್ ಬೈಕ್ ಕೊಳ್ಳುವ ಮುಂಚೆ ನಮ್ಮ ಜನ ಮೂರು ತಿಂಗಳು ವಿಡಿಯೊ ನೋಡುತ್ತಾರೆ. ಚಕ್ರ 27.5 ಇಂಚಿರಬೇಕಾ 29 ಇರಬೇಕಾ, ಗೇರ್ ಎಷ್ಟಿರಬೇಕು ಅಂತ ಫೋನ್ ಮಾಡಿ ಅರ್ಧ ಗಂಟೆ ಕೇಳುತ್ತಾರೆ. ಅದನ್ನು ಇಲ್ಲಿ ಬೇಗ ಮುಗಿಸಿಬಿಡುತ್ತೇನೆ. ವಾರದ ದಿನ ಟಾರ್ ರೋಡು, ಭಾನುವಾರ ಮಣ್ಣು, ವರ್ಷಕ್ಕೊಮ್ಮೆ ಸಕಲೇಶಪುರದ ಕಡೆ ಅನ್ನುವವರಿಗೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್, 100 ಎಂಎಂ ಕುಸಿಯುವ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು), ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 2.2 ಇಂಚಿನ ಟೈರ್ ಧಾರಾಳ ಸಾಕು. ಕಡಿಮೆ ದುಡ್ಡಿಗೆ ಹಿಂದೆಯೂ ಸ್ಪ್ರಿಂಗ್ ಸಿಗುತ್ತದೆ ಅಂತ ಆಸೆ ಪಡಬೇಡಿ. ಪೆಡಲ್ ತುಳಿದಾಗಲೆಲ್ಲ ಅದು ಕುಣಿಯುತ್ತದೆ, ಭಾರ ಬೇರೆ. 21 ಗೇರ್‌ಗಳಲ್ಲಿ ಎಷ್ಟೋ ಗೇರ್ ಒಂದರ ಹಾಗೇ ಇನ್ನೊಂದು, ಸಂಖ್ಯೆಗೆ ಮರುಳಾಗಬೇಡಿ. ಫ್ರೇಮ್ ಅಳತೆ ಮಾತ್ರ ಸರಿ ಇರಲೇಬೇಕು, ಎರಡೂ ಕಾಲು ನೆಲಕ್ಕೂರಿ ನಿಂತಾಗ ಕಾಲುಗಳ ನಡುವೆ ಬರುವ ಫ್ರೇಮಿನ ಮೇಲಿನ ಬಾರ್‌ಗೂ ನಿಮಗೂ ಮಧ್ಯೆ ಎರಡು ಇಂಚಾದರೂ ಜಾಗ ಇರಲಿ. ಮಗ ಬೆಳೆಯುತ್ತಾನೆ ಅಂತ ದೊಡ್ಡ ಫ್ರೇಮ್ ಕೊಡಿಸುವ ಅಪ್ಪಂದಿರ ಬಗ್ಗೆ ಬರೆಯಲು ಇನ್ನೊಂದು ಅಂಕಣವೇ ಬೇಕು. ಅಂದಹಾಗೆ ನಂದಿ ಬೆಟ್ಟದ ರಸ್ತೆ ಪೂರ್ತಿ ಟಾರು, ಅದಕ್ಕೆ ಅಂತಲೇ ಇಂಥ ಸೈಕಲ್ ಕೊಳ್ಳುವುದಾದರೆ ಇನ್ನೊಮ್ಮೆ ಯೋಚನೆ ಮಾಡಿ.

ಇಷ್ಟೆಲ್ಲ ತಲೆ ಕೆಡಿಸಿಕೊಂಡು ಅರವತ್ತೋ ಎಪ್ಪತ್ತೋ ಸಾವಿರ ಕೊಟ್ಟು ಕೊಂಡ ಸೈಕಲ್ಲನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮುಂದೆ ಎರಡೇ ನಿಮಿಷದಲ್ಲಿ ಹಾಳು ಮಾಡಿಕೊಂಡು ಬರುತ್ತಾರಲ್ಲ, ಅದೇ ನನಗೆ ಹೊಟ್ಟೆ ಉರಿಯೋದು.

ಹೋದ ವರ್ಷ ಎಚ್‌ಎಸ್‌ಆರ್ ಲೇಔಟ್ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಸಾಫ್ಟ್‌ವೇರ್ ಕೆಲಸ, ಒಳ್ಳೆ ಹುಡುಗ. "ಫೋರ್ಕ್ ಸರಿ ಇಲ್ಲ ಸರ್, ಅಂಗೈ ಜೋಮು ಹಿಡಿಯುತ್ತೆ, ಮಣ್ಣಲ್ಲಿ ತಿರುಗಿಸಿದರೆ ಮುಂದಿನ ಚಕ್ರ ಜಾರುತ್ತೆ. ಒಳ್ಳೆ ಏರ್ ಫೋರ್ಕ್ ಹಾಕಿಬಿಡಿ, ಮೂವತ್ತು ಸಾವಿರ ಆದರೂ ಪರವಾಗಿಲ್ಲ" ಅಂದ. ಹಾಕಿಕೊಟ್ಟಿದ್ದರೆ ನನಗೇನು ನಷ್ಟ ಇರಲಿಲ್ಲ. ಗೇಜ್ ಇಟ್ಟೆ, ಮುಂದೆ 62. ಅವನ ಕಣ್ಣೆದುರೇ ವಾಲ್ವ್ ಒತ್ತಿ ಗಾಳಿ ಬಿಡೋಕೆ ಶುರು ಮಾಡಿದೆ. ಅವನ ಮುಖ ನೋಡಬೇಕಿತ್ತು, ನಾನೇನೋ ಅವನ ಜೇಬಿಗೇ ಕೈ ಹಾಕಿದ ಹಾಗೆ. "ಸಾಕು ಸರ್, ಸಾಕು, ಫ್ಲಾಟ್ ಆಗುತ್ತೆ!" 28ಕ್ಕೆ ಇಳಿದಾಗ ನಿಲ್ಲಿಸಿದೆ. ಹಿಂದಿನ ಚಕ್ರ 31. ಅಂಗಡಿ ಹಿಂದೆ ಪೈಪಿಗೆ ಅಂತ ಅಗೆದು ಅರೆಬರೆ ಮುಚ್ಚಿದ ಒಂದು ರಸ್ತೆ ಇದೆ, ಬೆಂಗಳೂರಲ್ಲಿ ಎಲ್ಲರ ಅಂಗಡಿ ಹಿಂದೆಯೂ ಇರುತ್ತದೆ ಬಿಡಿ. ಅಲ್ಲಿ ಒಂದು ರೌಂಡ್ ಹೊಡೆದು ಬಾ ಅಂದೆ. ವಾಪಸ್ ಬಂದವನು ಮೊದಲು ಕೇಳಿದ್ದೇ "ಫೋರ್ಕಿಗೆ ಏನು ಮಾಡಿದ್ರಿ?" ಅಂತ.

ಯಾಕೆ ಅಂತ ಹೇಳದಿದ್ದರೆ ನೀವು ಮನೆಗೆ ಹೋಗೋ ದಾರಿಯಲ್ಲೇ ಮತ್ತೆ ಗಾಳಿ ಹೊಡೆಸುತ್ತೀರಿ. ಹಾಗಾಗಿ ಸ್ವಲ್ಪ ಲೆಕ್ಕ. ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲಾ ಸೇರಿ 80 ಕೆಜಿ ಅಂತಿಟ್ಟುಕೊಳ್ಳಿ. ಅದರಲ್ಲಿ ಸುಮಾರು 48 ಕೆಜಿ ಹಿಂದಿನ ಚಕ್ರದ ಮೇಲೆ ಕೂರುತ್ತದೆ. ಟೈರಿನಲ್ಲಿ 60 ಪಿಎಸ್‌ಐ ಇದ್ದರೆ ಒಂದೊಂದು ಚದರ ಸೆಂಟಿಮೀಟರ್ ಜಾಗ 4.2 ಕೆಜಿ ಹೊರುತ್ತದೆ. ಅಂದರೆ ನೆಲಕ್ಕೆ ತಾಗುವ ಜಾಗ ಹೆಚ್ಚುಕಮ್ಮಿ 11.5 ಚದರ ಸೆಂಟಿಮೀಟರ್, ಬೆಂಕಿಪೊಟ್ಟಣದ ಮೇಲ್ಭಾಗಕ್ಕಿಂತ ಚಿಕ್ಕದು. ಗಾಳಿ 30ಕ್ಕೆ ಇಳಿಸಿ, ಅದು 23 ಆಗುತ್ತದೆ. ಟೈರಿನ ಗಟ್ಟಿತನ, ಅದರ ಮೇಲಿನ ಉಬ್ಬು ಬಟನ್‌ಗಳ ಆಕಾರ ಎಲ್ಲಾ ಸೇರಿಸಿದರೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಇಂಜಿನಿಯರುಗಳು ನನ್ನ ಮೇಲೆ ಬೀಳಬೇಡಿ. ವಿಷಯ ಇಷ್ಟೇ, ಅರ್ಧ ಗಾಳಿಗೆ ನೆಲ ಹಿಡಿಯುವ ಜಾಗ ಡಬಲ್. ತುರಹಳ್ಳಿ ಕಡೆಯ ಸಡಿಲ ಗೊರಚಲು ಮಣ್ಣಿನ ಮೇಲೆ, ಒಣಗಿದ ನೀಲಗಿರಿ ಎಲೆಯ ಮೇಲೆ ನಿಮ್ಮನ್ನು ಹಿಡಿದು ನಿಲ್ಲಿಸೋದು ಆ ಪುಟ್ಟ ಜಾಗವೇ, ಬೇರೆ ಏನೂ ಅಲ್ಲ.

ಇನ್ನು ಸ್ಪೀಡು. "ಗಟ್ಟಿ ಇದ್ದರೆ ಬೇಗ ಹೋಗುತ್ತೆ ಅಲ್ವಾ?" ಇದನ್ನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಕನ್ನಡಿಯ ಹಾಗಿರುವ ನೆಲದ ಮೇಲೆ ಹೋಗುತ್ತೆ, ನಿಜ. ಬೆಂಗಳೂರಲ್ಲಿ ಅಂಥ ನೆಲ ಎಲ್ಲಿದೆ ತೋರಿಸಿ. ಟೈರ್ ಗಟ್ಟಿ ಇದ್ದಾಗ ಗೋಲಿ ಗಾತ್ರದ ಕಲ್ಲು ಸಿಕ್ಕರೂ ಚಕ್ರ ಅದರ ಮೇಲೆ ಹತ್ತಿ ಇಳಿಯಬೇಕು. ಚಕ್ರದ ಜೊತೆ ಸೈಕಲ್ಲು, ಸೈಕಲ್ಲಿನ ಜೊತೆ ನೀವು. ಆ ಎತ್ತಿ ಇಳಿಸುವ ಕೂಲಿ ಕೆಲಸಕ್ಕೆಲ್ಲ ಶಕ್ತಿ ಬರೋದು ನಿಮ್ಮ ತೊಡೆಯಿಂದ. ಗಾಳಿ ಸ್ವಲ್ಪ ಕಮ್ಮಿ ಇದ್ದರೆ ಟೈರ್ ಆ ಕಲ್ಲನ್ನು ಒಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ, ನೀವು ಎಗರದೆ ಇದ್ದ ಎತ್ತರದಲ್ಲೇ ಇರುತ್ತೀರಿ. ಫೋರ್ಕ್ ಇರುವುದು ದೊಡ್ಡ ಏಟಿಗೆ. ಸಣ್ಣ ಸಣ್ಣ ಏಟು ಟೈರಿನ ಪಾಲು. ಟೈರ್ ತನ್ನ ಕೆಲಸ ಮಾಡದಿದ್ದರೆ ಎಷ್ಟು ದುಬಾರಿ ಫೋರ್ಕ್ ಹಾಕಿದರೂ ಅಂಗೈ ಜೋಮು ಬಿಡುವುದಿಲ್ಲ.

ಈ ಸೈಕಲ್ ಹುಟ್ಟಿದ್ದೇ ದಪ್ಪ ಟೈರಿನ ಗಾಳಿಯಿಂದ, ಅದು ಯಾರಿಗೂ ನೆನಪಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಬಲೂನ್ ಟೈರಿನ ಹಳೇ ಸೈಕಲ್‌ಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣು ರಸ್ತೆಯಲ್ಲಿ ಇಳಿಜಾರಿಗೆ ಬಿಡುತ್ತಿದ್ದರು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರದ ನಡುವಿನ ಹಬ್‌ನೊಳಗಿನ ಗ್ರೀಸ್ ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು, ಅದಕ್ಕೇ ಆ ದಾರಿಗೆ ರಿಪ್ಯಾಕ್ ಅಂತ ಹೆಸರು. ಸಸ್ಪೆನ್ಷನ್ ಅನ್ನೋ ಮಾತೇ ಇರಲಿಲ್ಲ. ಮೈಗೂ ಕಲ್ಲಿಗೂ ಮಧ್ಯೆ ಇದ್ದದ್ದು ಎರಡು ಇಂಚು ದಪ್ಪದ ಟೈರು, ಅದರೊಳಗಿನ ಗಾಳಿ.

ಆದರೂ ಜನರ ಮೇಲೆ ಪೂರ್ತಿ ಸಿಟ್ಟು ಬರಲ್ಲ. ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಾಗಡಿ ಹತ್ತಿರದ ನಮ್ಮೂರಲ್ಲಿ ತಾತನ ಹತ್ತಿರ ಒಂದು ಕರಿ ಸೈಕಲ್ ಇತ್ತು. ಹ್ಯಾಂಡಲ್ಲಿನ ಎರಡೂ ಕಡೆ ಹಾಲಿನ ಕ್ಯಾನು, ಕ್ಯಾರಿಯರ್ ಮೇಲೆ ಹಿಂಡಿ ಮೂಟೆ, ಕೆಲವು ದಿನ ಮೂಟೆ ಮೇಲೆ ನಾನು. ಟೈರು ಒಂದೂವರೆ ಇಂಚಿನದು. ಅಷ್ಟು ತೆಳು ಟೈರಿಗೆ ಅಷ್ಟು ಭಾರ ಹಾಕಿದರೆ ಗಾಳಿ ಕಲ್ಲಿನ ಹಾಗೆ ಇರಲೇಬೇಕು. ತಾತ ಪ್ರತಿದಿನ ಬೆಳಿಗ್ಗೆ ಹೆಬ್ಬೆರಳಲ್ಲಿ ಒತ್ತಿ ನೋಡಿ, ಸ್ವಲ್ಪ ಮೆತ್ತಗಿದ್ದರೂ ನನ್ನ ಕೈಲಿ ಪಂಪ್ ಹೊಡೆಸುತ್ತಿದ್ದರು. ಅವರು ಮಾಡಿದ್ದು ಸರಿ. ಅದೇ ಹೆಬ್ಬೆರಳು ಈಗ 2.2 ಇಂಚಿನ ಟೈರ್ ಮೇಲೂ ಬಂದು ಕೂತಿದೆ, ಅದು ತಪ್ಪು.

ಇನ್ನೊಂದು ವಾದ ಟೈರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆಯದು. "ಇಲ್ಲೇ 65 ಅಂತ ಇದೆಯಲ್ಲ ಸರ್." ಇದೆ, ಅದರ ಹಿಂದೆ ಮ್ಯಾಕ್ಸ್ ಅಂತಲೂ ಇದೆ. ಲಿಫ್ಟಿನಲ್ಲಿ ಎಂಟು ಜನ ಅಂತ ಬರೆದಿದ್ದರೆ ಇನ್ನೂ ಏಳು ಜನ ಬರಲಿ ಅಂತ ಕಾಯುತ್ತಾ ನಿಲ್ಲುತ್ತೀರಾ?

ಸರಿ, ಹಾಗಾದರೆ ಎಷ್ಟು? ಇಲ್ಲಿ ನಾನು ಸ್ವಲ್ಪ ಹುಷಾರಾಗಿ ಮಾತಾಡಬೇಕು, ಯಾಕಂದರೆ ಬರೆದದ್ದನ್ನೇ ಹಿಡಿದುಕೊಂಡು ಜಗಳಕ್ಕೆ ಬರುವವರಿದ್ದಾರೆ. ಟ್ಯೂಬ್ ಇರುವ 2.2 ಇಂಚಿನ ಟೈರ್, ಸುಮಾರು 70 ಕೆಜಿಯ ಸವಾರ ಆದರೆ ಹಿಂದೆ 32, ಮುಂದೆ 29ರಿಂದ ಶುರು ಮಾಡಿ. ಭಾರ ಹಿಂದೆ ಜಾಸ್ತಿ, ಅದಕ್ಕೇ ಮುಂದೆ ಯಾವಾಗಲೂ ಎರಡು ಮೂರು ಕಮ್ಮಿ. ನೀವು ದಪ್ಪ ಇದ್ದರೆ ಸ್ವಲ್ಪ ಮೇಲೆ, ಸಣ್ಣ ಇದ್ದರೆ ಕೆಳಗೆ. ನಿಮಗೆ ಚೆನ್ನಾಗಿ ಗೊತ್ತಿರುವ ಅರ್ಧ ಕಿಲೋಮೀಟರ್ ಕಚ್ಚಾ ದಾರಿ ಆರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಓಡಿಸಿ. ಪ್ರತಿ ಸಲ ಎರಡು ಪಿಎಸ್‌ಐ ಇಳಿಸಿ. ಒಂದು ಹಂತದಲ್ಲಿ ಕಲ್ಲಿನ ಮೇಲೆ ರಿಮ್ ಟಕ್ ಅಂತ ತಾಗುತ್ತದೆ, ಅಥವಾ ತಿರುವಿನಲ್ಲಿ ಟೈರ್ ಬಳುಕಿದ ಹಾಗೆ ಅನ್ನಿಸುತ್ತದೆ. ಅಲ್ಲಿಂದ ಮೂರು ಮೇಲೆ ಹೋಗಿ ನಿಲ್ಲಿಸಿ. ಟೈರಿನ ಮೇಲೆ ಕನಿಷ್ಠ ಇಷ್ಟು ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ. ಸಿಕ್ಕ ನಂಬರನ್ನು ಬರೆದಿಟ್ಟುಕೊಳ್ಳಿ. ಒಂದು ಪಂಪಿನ ಗೇಜ್ ತೋರಿಸಿದ್ದನ್ನು ಇನ್ನೊಂದು ತೋರಿಸುವುದಿಲ್ಲ, ಆದ್ದರಿಂದ ಯಾವಾಗಲೂ ಒಂದೇ ಗೇಜ್ ಬಳಸಿ.

ಇದನ್ನು ಓದಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ, ನಾನೇ ಹೋಗಿದ್ದೆ. ಮೊದಲ ಬುದ್ಧಿ ಬಂದದ್ದು ತುರಹಳ್ಳಿ ಬಂಡೆ ಮೇಲೆ 55 ಪಿಎಸ್‌ಐ ಇಟ್ಟುಕೊಂಡು ಇಳಿದು ಮೊಣಕೈ ಕಿತ್ತುಕೊಂಡಾಗ. ಕಲೆ ಈಗಲೂ ಇದೆ. ಆಮೇಲೆ ಉತ್ಸಾಹ ಹೆಚ್ಚಾಗಿ ಟ್ಯೂಬ್ ಟೈರಿಗೆ 18 ಹಾಕಿಕೊಂಡು ಆವಲಹಳ್ಳಿಗೆ ಹೋದೆ. ಒಂದು ಬೇರು ದಾಟುವಾಗ ಟ್ಯೂಬು ಬೇರಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು. ಹಾವು ಕಚ್ಚಿದ ಗುರುತಿನ ಹಾಗೇ ಇರುತ್ತದೆ ಅದು. ಪ್ಯಾಚ್ ಒಂದೇ ಇತ್ತು. ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ಬಂದೆ, ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ "ಗಾಳಿ ನೋಡ್ಕೊಂಡು ಬರಬಾರದೇನಪ್ಪ" ಅಂದರು. ಸೈಕಲ್ ಅಂಗಡಿಯವನಿಗೆ!

ಟ್ಯೂಬ್‌ಲೆಸ್ ಮಾಡಿಸಿದರೆ ಈ ಹಾವಿನ ಕಡಿತದ ಕಾಟ ಬಹುಮಟ್ಟಿಗೆ ಇಲ್ಲ, ಇನ್ನೂ ನಾಲ್ಕೈದು ಇಳಿಸಬಹುದು. ಜಾಲಿ ಮುಳ್ಳು ಚುಚ್ಚಿದರೂ ಒಳಗೆ ಹಾಕಿರುವ ಸೀಲಂಟ್ ಅನ್ನೋ ದ್ರವ ತಾನೇ ತೂತು ಮುಚ್ಚುತ್ತದೆ. ಆದರೆ ಸೀಲಂಟ್ ಕೆಲವು ತಿಂಗಳಲ್ಲಿ ಒಣಗುತ್ತದೆ, ಮತ್ತೆ ಹಾಕಿಸಬೇಕು. ಅಷ್ಟು ನಿಗಾ ಇಡೋಕೆ ಆಗಲ್ಲ ಅನ್ನುವವರು ಟ್ಯೂಬಲ್ಲೇ ಸುಖವಾಗಿರಿ.

ಜಯನಗರದಿಂದ ಟಾರ್ ಮೇಲೆ ಹೋಗಿ, ತುರಹಳ್ಳಿಯಲ್ಲಿ ಮಣ್ಣು ಓಡಿಸಿ, ಮತ್ತೆ ಟಾರಲ್ಲೇ ವಾಪಸ್ ಬರುವವರು ಏನು ಮಾಡಬೇಕು ಅನ್ನೋದು ಒಳ್ಳೆ ಪ್ರಶ್ನೆ. ಒಂದು ಚಿಕ್ಕ ಕೈಪಂಪ್ ಜೊತೆಗಿರಲಿ. ಹೋಗುವಾಗ 36 ಇಟ್ಟುಕೊಳ್ಳಿ, ಮಣ್ಣು ಶುರುವಾಗುವ ಕಡೆ ಇಳಿಸಿ, ಬರುವಾಗ ಮತ್ತೆ ಹೊಡೆದುಕೊಳ್ಳಿ. ಸೋಮಾರಿಗಳು, ಅಂದರೆ ನಾನು, ಎಲ್ಲಾ ಕಡೆ 30ರಲ್ಲೇ ಓಡಿಸುತ್ತೇವೆ. ಮಳೆಗಾಲದಲ್ಲಿ ಒದ್ದೆ ಬಂಡೆ ಇದ್ದರೆ ಇನ್ನೂ ಎರಡು ಕಮ್ಮಿ. ಕಾಡಿನೊಳಗೆ ಸೈಕಲ್ ಬಿಡುತ್ತಾರಾ ಅಂತ ಮಾತ್ರ ಗೇಟಲ್ಲಿ ಕೇಳಿಕೊಂಡೇ ಹೋಗಿ, ಅರಣ್ಯ ಇಲಾಖೆಯವರ ಹತ್ತಿರ ವಾದ ಮಾಡಿ ನಮ್ಮೆಲ್ಲರ ಹೆಸರು ಕೆಡಿಸಬೇಡಿ.

ಫೋರ್ಕಿನ ವಿಷಯ ಟೈರ್ ಸರಿಯಾದ ಮೇಲೆ. ಏರ್ ಫೋರ್ಕ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ಇರುವುದು, ಆದರೆ ಸೈಕಲ್ ಮೇಲೆ ನೀವು ಸುಮ್ನೆ ನಿಂತಾಗ 100 ಎಂಎಂನಲ್ಲಿ 20 ಎಂಎಂ ಆಸುಪಾಸು ಕುಸಿಯಬೇಕು, ಅಷ್ಟು ಸಾಕು. ಸ್ಪ್ರಿಂಗ್ ಫೋರ್ಕಿನ ಮೇಲಿರುವ ತಿರುಪು ತಿರುಗಿಸಿದರೆ ಸ್ಪ್ರಿಂಗ್ ಮೆತ್ತಗಾಗಲ್ಲ, ಶುರುವಿನಲ್ಲಿ ಎಷ್ಟು ಕುಸಿಯುತ್ತದೆ ಅನ್ನೋದು ಮಾತ್ರ ಬದಲಾಗುತ್ತದೆ.

ಬಸವನಗುಡಿಯಿಂದ ಬರುವ ಒಬ್ಬರು ಹಿರಿಯರಿದ್ದಾರೆ, ಬ್ಯಾಂಕಿನಿಂದ ರಿಟೈರ್ ಆದವರು, ಮಗ ಕೊಡಿಸಿದ ಸೈಕಲ್ಲು. ಇಷ್ಟೂ ಕಥೆಯನ್ನು ಅವರಿಗೆ ಮೂರು ಸಲ ಹೇಳಿದ್ದೇನೆ. ಪ್ರತಿ ಸಲ ತಲೆದೂಗಿ, ಕಾಫಿ ಕುಡಿದು, 30 ಇಟ್ಟುಕೊಂಡು ಖುಷಿಯಾಗಿ ಹೋಗುತ್ತಾರೆ. ಮುಂದಿನ ತಿಂಗಳು ಬಂದರೆ ಮತ್ತೆ 60. ಯಾಕೆ ಸಾರ್ ಅಂದರೆ, "ಏನು ಮಾಡಲಪ್ಪಾ, ಪಂಕ್ಚರ್ ಅಂಗಡಿ ಹುಡುಗ ಒತ್ತಿ ನೋಡಿ, 'ಅಯ್ಯೋ ಅಂಕಲ್, ಗಾಳಿನೇ ಇಲ್ವಲ್ಲ' ಅಂದ. ಪಾಪ, ದುಡ್ಡೂ ತಗೊಳ್ಳಲಿಲ್ಲ" ಅನ್ನುತ್ತಾರೆ. ಹೋದ ವಾರ ಅವರ ಸೈಕಲ್ಲಿಗೆ ತೆಳ್ಳನೆಯ ಪ್ರೆಸ್ಟಾ ವಾಲ್ವಿನ ಟ್ಯೂಬ್ ಹಾಕಿ ಕಳಿಸಿದ್ದೇನೆ. ಆ ಕಂಪ್ರೆಸರಿನ ಮೂತಿ ಅದಕ್ಕೆ ಕೂರುವುದಿಲ್ಲ.