ಓಡಿಹೋದ ಅಧ್ಯಕ್ಷರ ಬಂಗಲೆಯನ್ನು ಜನ ಲೂಟಿ ಮಾಡಲಿಲ್ಲವೇ?

ಪ್ರಶ್ನೆ: ಉಕ್ರೇನಿನ ಮಾಜಿ ಅಧ್ಯಕ್ಷ ಯಾನುಕೋವಿಚ್ ಬಿಟ್ಟುಹೋದ ಬಂಗಲೆ ಈಗ ಮ್ಯೂಸಿಯಂ ಆಗಿದೆಯಂತೆ. ಜನ ಒಳಗೆ ನುಗ್ಗಿದಾಗ ಎಲ್ಲವನ್ನೂ ದೋಚಿಕೊಂಡು ಹೋಗಲಿಲ್ಲವೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಗಂಗಾವತಿಯವರಿಗೆ ಈ ಅನುಮಾನ ಬರಲೇಬೇಕು. ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. 1565ರ ಸೋಲಿನ ನಂತರ ಅಲ್ಲಿನ ದೊಡ್ಡ ಅರಮನೆಗಳಲ್ಲಿ ಉಳಿದದ್ದು ಕಲ್ಲಿನ ಜಗತಿ ಮಾತ್ರ. ಯಾನುಕೋವಿಚ್ ಬಿಟ್ಟುಹೋದ ಮೆಝಿಹಿರ್ಯಾ ಎಂಬ ಬಂಗಲೆಗೆ ಆ ಗತಿ ಬರಲಿಲ್ಲ.

ಕೀವ್ ನಗರದ ಉತ್ತರಕ್ಕೆ, ನೀಪರ್ ನದಿಯ ದಂಡೆಯಲ್ಲಿರುವ ಈ ಎಸ್ಟೇಟು ಸುಮಾರು 340 ಎಕರೆ. ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಅದರ ಹರವನ್ನು ವಿವರಿಸಬೇಕಿಲ್ಲ. ಗಾಲ್ಫ್ ಮೈದಾನ, ಉಷ್ಟ್ರಪಕ್ಷಿಗಳು, ಹಡಗಿನ ಆಕಾರದ ಭೋಜನಶಾಲೆ, ಫಿನ್ಲೆಂಡಿನ ಕಂಪನಿ ಕಟ್ಟಿದ ಮರದ ದಿಮ್ಮಿಗಳ ಮಹಲು, ಎಲ್ಲವೂ ಅದರೊಳಗೆ. ಪಹಣಿಯಲ್ಲಿ ಮಾತ್ರ ಬಹುಪಾಲು ಜಮೀನು ಕಂಪನಿಗಳ ಹೆಸರಿನಲ್ಲಿತ್ತು ಎನ್ನಿ. ತಮ್ಮದು ಅದರಲ್ಲೊಂದು ಸಣ್ಣ ಮನೆ ಅಷ್ಟೇ ಎಂದು ಯಾನುಕೋವಿಚ್ ಹೇಳುತ್ತಿದ್ದರು!

2014ರ ಫೆಬ್ರವರಿ 21ರ ರಾತ್ರಿ ಅವರು ಜಾಗ ಖಾಲಿ ಮಾಡಿದರು. ಮರುದಿನ, ಅವರ ಆಡಳಿತದ ವಿರುದ್ಧ ಬೀದಿಗಿಳಿದಿದ್ದ ಚಳವಳಿಗಾರರು ಬಂದು ತಾವೇ ಗೇಟಿನಲ್ಲಿ ಕಾವಲು ನಿಂತರು. ಏನನ್ನೂ ಹಾಳುಮಾಡಬೇಡಿ ಎಂದು ಬಂದವರಿಗೆಲ್ಲ ಕೇಳಿಕೊಂಡರು. ಪಂಚನಾಮೆ ಮುಗಿಯದ ಮನೆಯಂತೆ ಅದನ್ನು ಕಾಯ್ದರು ಎಂದರೆ ಸರಿಯಾದೀತು. ಜನ ಮಕ್ಕಳೊಂದಿಗೆ ಬಂದು, ಬಾಯಿ ತೆರೆದು ನೋಡಿ, ಫೋಟೋ ತೆಗೆದುಕೊಂಡು ಹೋದರು. ಒಂದೆರಡು ದಿನಗಳಲ್ಲೇ ಸಂಸತ್ತು ಎಸ್ಟೇಟನ್ನು ಸರ್ಕಾರದ ವಶಕ್ಕೆ ಮರಳಿಸುವ ನಿರ್ಣಯ ಮಾಡಿತು. ಅಲ್ಲಿಯ ಕಲಾಕೃತಿಗಳು ಕೀವ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯಕ್ಕೆ ಹೋಗಿ, ಅದೇ ವರ್ಷ ಪ್ರದರ್ಶನಗೊಂಡವು. ‘ಭ್ರಷ್ಟಾಚಾರದ ಮ್ಯೂಸಿಯಂ’ ಎಂಬ ಹೆಸರು ಜನರ ಬಾಯಲ್ಲಿ ನಿಂತಿತು; ಟಿಕೆಟ್ ಇಟ್ಟು ಸ್ವಯಂಸೇವಕರೇ ನಿರ್ವಹಣೆ ನಡೆಸಿದರು.

ಹಾಗೆಂದು ಎಲ್ಲವೂ ಇದ್ದಲ್ಲೇ ಇತ್ತು ಎಂದಲ್ಲ. ಬಂಗಲೆಯಲ್ಲಿ ಸಿಕ್ಕಿ ಎಲ್ಲರ ಮಾತಿಗೆ ವಸ್ತುವಾಗಿದ್ದ, ಬ್ರೆಡ್ಡಿನ ಆಕಾರದ ಚಿನ್ನದ ಗಟ್ಟಿ ಮುಂದೆ ಕಾಣೆಯಾಯಿತು.

ನನ್ನನ್ನು ಕೇಳಿದರೆ ಅಲ್ಲಿ ಉಳಿದ ನಿಜವಾದ ಆಸ್ತಿ ಕಾಗದ. ಓಡುವ ಮೊದಲು ಕಡತಗಳನ್ನು ಜಲಾಶಯಕ್ಕೆ ಎಸೆಯಲಾಗಿತ್ತು. ಮುಳುಗುಗಾರರು ಸುಮಾರು 200 ಕಡತಗಳನ್ನು ಮೇಲೆತ್ತಿದರು. ಪತ್ರಕರ್ತರು ಅದೇ ಎಸ್ಟೇಟಿನ ನೆಲದ ಮೇಲೆ ತೊಯ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಹರವಿದರು; ಅಧ್ಯಕ್ಷರ ಹಬೆಸ್ನಾನದ ಕೋಣೆಯನ್ನೂ ಅವುಗಳನ್ನು ಒಣಗಿಸಲು ಬಳಸಿಕೊಂಡರು. ಬಳಿಕ ಸ್ಕ್ಯಾನ್ ಮಾಡಿ ಎಲ್ಲರಿಗೂ ಕಾಣುವಂತೆ ಅಂತರ್ಜಾಲಕ್ಕೆ ಹಾಕಿದರು. ಮಹಲಿನ ದೀಪಗಳ ಲೆಕ್ಕದ ಜೊತೆಗೆ, ಸಾಕಿದ ಮೀನುಗಳ ಔಷಧೋಪಚಾರದ ಬಿಲ್ಲೂ ಅದರಲ್ಲಿತ್ತು ಎಂದು ಪತ್ರಿಕೆಗಳು ಬರೆದವು.